ಖಾಲಿ ಮನೆಯ ತೋರಣ

ಅಮೆರಿಕದ ಡ್ಯಾನ್‌ವಿಲ್‌ನ ಆ ಬಡಾವಣೆಯಲ್ಲಿ ರಾಮನಾಥರಿಗೆ ಇದ್ದದ್ದು ಒಂದೇ ಕೊರಗು: ತಾನಿನ್ನೂ ಎಚ್‌ಒಎ ಪ್ರೆಸಿಡೆಂಟ್ ಆಗಿಲ್ಲ. ಹುಲ್ಲು ಎಷ್ಟುದ್ದ ಬೆಳೆಯಬಹುದು, ಕಸದ ಡಬ್ಬಿ ಯಾವಾಗ ಒಳಗೆ ಹೋಗಬೇಕು, ಬಾಗಿಲಿಗೆ ಯಾವ ಬಣ್ಣ ಎಂದೆಲ್ಲ ತೀರ್ಮಾನಿಸುವ ನಿವಾಸಿಗಳ ಸಂಘ ಅದು. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಅವರನ್ನು ಯಾರೂ ಡೈರೆಕ್ಟರು ಮಾಡಿರಲಿಲ್ಲ. ಚಿಕ್ಕ ವಯಸ್ಸಿನವರ ಮೀಟಿಂಗುಗಳಲ್ಲಿ ತಲೆಯಾಡಿಸಿ ಆಡಿಸಿ ಕುತ್ತಿಗೆ ಸವೆದಿತ್ತು. ಎಲ್ಲಾದರೂ ಒಂದು ಕಡೆ ಅಧ್ಯಕ್ಷನಾಗಿಯೇ ಸಾಯುತ್ತೇನೆಂದು ಉಡುಪಿಯ ಕೃಷ್ಣನಿಗೂ ತಿಳಿಸಿಟ್ಟಿದ್ದರು.

ಕೃಷ್ಣ ಕೇಳಿಸಿಕೊಂಡನೋ ಏನೋ, ಪಕ್ಕದ ಮನೆ ಖಾಲಿ ಬಿತ್ತು. ಯಜಮಾನ ತೀರಿಕೊಂಡ, ಮಕ್ಕಳು ಕೋರ್ಟು ಹತ್ತಿದರು. ಹುಲ್ಲು ಸೊಂಟದವರೆಗೆ ಬೆಳೆಯಿತು, ಈಜುಕೊಳ ಪಾಲಕ್ ಸೂಪಿನ ಬಣ್ಣಕ್ಕೆ ತಿರುಗಿತು. ಪಕ್ಕದೂರಿನಲ್ಲಿ ಇಂಥದ್ದೇ ಮನೆಗೆ ಯಾರೋ ನುಗ್ಗಿ ಸಂಸಾರ ಹೂಡಿದರಂತೆ ಎಂಬ ಸುದ್ದಿಗೆ ಬೀದಿಯೆಲ್ಲ ನಡುಗಿತು. "ಇದಕ್ಕೊಂದು ದಾರಿ ಕಂಡುಹಿಡಿದವರೇ ಮುಂದಿನ ಪ್ರೆಸಿಡೆಂಟ್" ಎಂದು ಹಳೆಯ ಅಧ್ಯಕ್ಷೆ ಡೊನ್ನಾ ನಗುತ್ತ ಅಂದದ್ದನ್ನು ರಾಮನಾಥರು ನಗದೆ ಕೇಳಿಸಿಕೊಂಡರು.

"ಒಳಗೆ ಜನ ಇದ್ದಾರೆ ಅಂತ ಕಂಡರೆ ಯಾರು ನುಗ್ತಾರೆ ಮಾರಾಯ್ತಿ?" ಎಂದು ಹೆಂಡತಿ ರತ್ನಾವತಿಯನ್ನು ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ಒಂದು ದೀಪ ಉರಿಸಿಡುತ್ತಿದ್ದರು. ರಾಮನಾಥರ ಲೆಕ್ಕದಲ್ಲಿ ಮನೆಯಲ್ಲಿ ಜನ ಇರುವುದಕ್ಕೆ ಸಾಕ್ಷಿಯೇ ಬೇರೆ. "ಹಳೇ ಚಪ್ಪಲಿ ಎಲ್ಲ ತೆಗೆದುಕೊಡು. ಅಲ್ಲಿ ಬಾಗಿಲಲ್ಲಿ ಇಡುವ. ಸಾಲಾಗಿ ಇಡಬಾರದು, ಅಡ್ಡಾದಿಡ್ಡಿ ಇದ್ದರೇ ಸಂಸಾರಸ್ಥರ ಮನೆ."

ಚಪ್ಪಲಿ ಹೋಯಿತು. ಹೋದ ವರ್ಷದ ಪ್ಲಾಸ್ಟಿಕ್ ತೋರಣ ಬಾಗಿಲಿಗೇರಿತು. ರತ್ನಾವತಿ ಮೆಟ್ಟಿಲ ಮೇಲೆ ರಂಗೋಲಿ ಹಾಕಿ ಬಂದಳು. "ಡ್ಯಾಡ್, ದಿಸ್ ಈಸ್ ಸೋ ಕ್ರೀಪಿ" ಎಂದು ಮಗ ಅಕ್ಷಯ್ ಫೋನಿನಿಂದ ಕಣ್ಣೆತ್ತದೆ ಅಂದ.

ಬೇಸಿಗೆ ಪೂರ್ತಿ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲಿಲ್ಲ. ರಾಮನಾಥರು ಇದಕ್ಕೆ 'ಕಲ್ಚರಲ್ ಸೆಕ್ಯುರಿಟಿ' ಎಂದು ಹೆಸರಿಟ್ಟು, ಸ್ಲೈಡುಗಳನ್ನೂ ತಯಾರಿಸಿದರು. ಚುನಾವಣೆಯ ಭಾನುವಾರ ಮಧ್ಯಾಹ್ನ, ಮೀಟಿಂಗಿಗೆ ಮುಂಚೆ ಡೊನ್ನಾ ಮತ್ತು ಕಮಿಟಿಯವರನ್ನು ಕರೆದುಕೊಂಡು ತಮ್ಮ ಸಾಧನೆ ತೋರಿಸಲು ಹೊರಟರು. ಕಾವಲಿಯಂತೆ ಕಾದ ಬಿಸಿಲು.

ತೋರಣದ ಕೆಳಗೆ, ಸೂಟ್‌ಕೇಸಿಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಸೀರೆಯ ಮೇಲೆ ಸ್ವೆಟರು. ಇವರನ್ನು, ಅದರಲ್ಲೂ ರಾಮನಾಥರ ಮುಖವನ್ನು ಕಂಡದ್ದೇ ಅವಳ ಮುಖ ಅರಳಿತು.

"ಬಂದ್ರ್ಯಾ ಅಣ್ಣಾರ? ಎಷ್ಟೊತ್ತಾತು ಬಾಗಿಲಾ ಬಡ್ಯಾಕತ್ತೇನಿ. ನಾ ಬಂಗಾರೆವ್ವ ರೀ, ಹಿಂದಿನ ಓಣ್ಯಾಗ ಒಬ್ಬರ ಕೂಸು ನೋಡ್ಕೊಂಡಿದ್ದೆ. ಕೂಸಿಗೆ ಜ್ವರಾ ಬಂತು. ನನ್ನಿಂದನ ಬಂತಂತ ಮುಂಜಾನೆ ಹೊರಗ ಹಾಕಿದ್ರು. ತಂಗಿ ಮಗಳು ಕೆಲಸಾ ಮುಗಿಸಿ ಸಂಜೀಕ ಬರ್ತಾಳ. ಬಿಸಲಾಗ ನಡದು ಚಪ್ಪಲಿನೂ ಕಿತ್ತು ಹೋತು. ಈ ತೋರಣಾ, ರಂಗೋಲಿ ಕಂಡು, ನಮ್ಮೋರ ಮನಿ ಅದ ಅಂತ ಬಂದು ಕುಂತೆ. ಒಂದ್ ತಂಬಗಿ ನೀರ್ ಕೊಡ್ರಿ."

"ರಾಮ್, ಏನಂತೆ?" ಎಂದಳು ಡೊನ್ನಾ.

ಏನಂತೆ ಎಂದು ಹೇಳಿದರೆ ಕಥೆ ಮುಗಿಯಿತು. ಯಾರೂ ಬಾರದಿರಲಿ ಎಂದು ಕಟ್ಟಿದ ತೋರಣವೇ ಕೈಹಿಡಿದು ಕರೆತಂದಿದೆ. ಸ್ಲೈಡು, ಸೆಕ್ಯುರಿಟಿ, ಕುರ್ಚಿ ಎಲ್ಲ ಪಾಚಿಗಟ್ಟಿದ ಆ ಕೊಳಕ್ಕೆ.

"ಗೊತ್ತಾಗುತ್ತಿಲ್ಲ" ಎಂದರು ರಾಮನಾಥರು, ಇಂಗ್ಲಿಷಿನಲ್ಲಿ. "ಇಂಡಿಯಾದಲ್ಲಿ ನೂರಾರು ಭಾಷೆ ಇವೆ. ಇದು ನನ್ನದಲ್ಲ."

ಸುಳ್ಳೇನಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡರು. ಮನೆಮಾತು ತುಳು ತಾನೆ? ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿ, ಪ್ರತಿ ರಾಜ್ಯೋತ್ಸವಕ್ಕೂ ಕನ್ನಡವೇ ನನ್ನ ಉಸಿರು ಎಂದು ಮೈಕು ಬಿಡದ ಮನುಷ್ಯ ಆ ಗಳಿಗೆಯಲ್ಲಿ ಅಪ್ಪಟ ತುಳುವರಾದರು.

ಬಂಗಾರೆವ್ವ ಅವರನ್ನೇ ನೋಡಿದಳು. "ನಿಮಗ ಕನ್ನಡಾ ಬರೂದಿಲ್ಲೇನ್ರಿ?"

"ಪ್ರೈವೇಟ್ ಪ್ರಾಪರ್ಟಿ" ಎಂದು ರಾಮನಾಥರು ಬೀದಿಯ ಕಡೆ ಬೆರಳು ತೋರಿಸಿದರು.

ಆ ಎರಡು ಪದ ಅವಳಿಗೆ ಅರ್ಥವಾಗುತ್ತಿತ್ತು. ಎದ್ದಳು. ಸೂಟ್‌ಕೇಸ್ ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಮಿಟಿಯವರಲ್ಲೊಬ್ಬ ಅವಳ ಕಾಲು ನೋಡಿದ. "ರಾಮ್, ಅವು ನಿನ್ನ ಸೆಕ್ಯುರಿಟಿ ಚಪ್ಪಲಿಗಳಲ್ಲವೆ?"

ರತ್ನಾವತಿಯ ಹಳೇ ಚಪ್ಪಲಿ. ಎಲ್ಲರೂ ರಾಮನಾಥರನ್ನು ನೋಡಿದರು, ಅಧ್ಯಕ್ಷರನ್ನು ನೋಡುವ ಹಾಗೆ. ಅವರು ಗಂಟಲು ಸರಿಮಾಡಿಕೊಂಡು ಚಪ್ಪಲಿಯ ಕಡೆ ಕೈ ತೋರಿಸಿದರು, ಮೆಟ್ಟಿಲ ಕಡೆ ತೋರಿಸಿದರು. ಬಂಗಾರೆವ್ವ ತಿರುಗಿ ಬಂದು ಚಪ್ಪಲಿ ಕಳಚಿ, ರಂಗೋಲಿ ತುಳಿಯದ ಹಾಗೆ ಪಕ್ಕದಲ್ಲಿ ಜೋಡಿಸಿಟ್ಟು ಹೋದಳು. ಕಾದ ಡಾಂಬರಿನ ಮೇಲೆ ಬೆರಳ ತುದಿಯಲ್ಲಿ ಕುಣಿಯುತ್ತ ಹೋಗುವುದನ್ನು ಕಂಡು ಯಾರೋ ಕಿಸಕ್ಕೆಂದರು. ರಾಮನಾಥರೂ ಸ್ವಲ್ಪ ನಕ್ಕರು. ಆಮೇಲೆ ಅವಳು ಜೋಡಿಸಿಟ್ಟಿದ್ದ ಚಪ್ಪಲಿಯನ್ನು ಬೂಟಿನ ತುದಿಯಿಂದ ಅಡ್ಡಾದಿಡ್ಡಿ ಮಾಡಿದರು.

"ನುಗ್ಗಿದವಳನ್ನು ಪೊಲೀಸರಿಲ್ಲದೆ ಓಡಿಸಿದ್ದಾನೆ" ಎಂದು ಡೊನ್ನಾ ಮೀಟಿಂಗಿನಲ್ಲಿ ಹೊಗಳಿದಳು. ಕೈಗಳೆಲ್ಲ ಮೇಲೆದ್ದವು. ಸ್ಲೈಡು ತೋರಿಸುವ ಅಗತ್ಯವೇ ಬೀಳಲಿಲ್ಲ.

ಅಧ್ಯಕ್ಷರು ಸಂಜೆ ಮನೆಗೆ ಬಂದಾಗ ರತ್ನಾವತಿ ಸ್ಟೂಲು ಹತ್ತಿ ನಿಂತಿದ್ದಳು. ಗ್ರೋಸರಿಯಿಂದ ನಿಜವಾದ ಮಾವಿನೆಲೆ ತಂದು ಹಸಿರು ತೋರಣ ಕಟ್ಟುತ್ತಿದ್ದಳು. "ನೋಡಿ, ಪ್ರೆಸಿಡೆಂಟರ ಮನೆ ಹೀಗೆ ಲಕ್ಷಣವಾಗಿ ಇರ್ಬೇಕು."

ರಾಮನಾಥರು ತಿರುಗಿ ನೋಡಿದರು. ಬೀದಿಯ ಕೊನೆಯ ಮರದ ಕೆಳಗೆ ಸೂಟ್‌ಕೇಸಿನ ಮೇಲೆ ಯಾರೋ ಇನ್ನೂ ಕೂತಿದ್ದರು, ಕಾಲು ಮೇಲೆತ್ತಿಕೊಂಡು.

"ತೆಗಿ ಅದನ್ನು" ಎಂದರು.

"ಎಂತಕ್ಕೆ?"

"ತೆಗಿ ಅಂದೆ ಮಾರಾಯ್ತಿ! ಯಾರಾದರೂ ನಮ್ಮವರ ಮನೆ ಅಂದುಕೊಂಡು ಬಾಗಿಲು ತಟ್ಟಿಯಾರು."