ಆಯ್ದು ಓಡಿಸಿದ ಮೂವತ್ತು ಸಾಲು

ನಾನು ವಿಜಯನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಮಲ್ಲತ್ತಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಪೆನ್‌ಡ್ರೈವ್ ತಂದುಕೊಟ್ಟರು. ಬೇಸಾಯ ಬಿಟ್ಟ ಮನೆಗಳ ಮುದುಕಿಯರ ಹತ್ತಿರ ಕೂತು, ಹೊಲಗದ್ದೆಯ ಮಾತುಗಳನ್ನು ಒಂಬತ್ತು ವರ್ಷ ಕೇಳಿ ಬರೆದುಕೊಂಡು, ಒಂದೇ ಬೆರಳಲ್ಲಿ ಟೈಪ್ ಮಾಡಿದ್ದರು. ಎಲ್ಲವೂ ಹಳೆಯ ಫಾಂಟಿನಲ್ಲಿತ್ತು, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಾಯಿಸಬೇಕಿತ್ತು. ಅವರ ಕಂಪ್ಯೂಟರ್ ಕೆಟ್ಟಿತ್ತು. ನೋಟ್‌ಬುಕ್ಕುಗಳು, ಟೈಪಾಯಿತಲ್ಲ ಎಂದು, ರದ್ದಿಗೆ ಹೋಗಿದ್ದವು.

ಅದಕ್ಕೆಂದು ನಾನು ಬರೆದ ಪ್ರೋಗ್ರಾಮು ಸಾವಿರ ಸಾಲು ದಾಟಿತು. ಮೊದಲ ಭಾಗ ಪೆನ್‌ಡ್ರೈವ್‌ನಲ್ಲಿದ್ದ ಮೂಲ ಫೈಲಿನ ನಕಲು ತೆಗೆಯುತ್ತಿತ್ತು, ಉಳಿದದ್ದು ನಕಲಿನಲ್ಲಿ ಅಕ್ಷರ ಬದಲಾಯಿಸುತ್ತಿತ್ತು. ಒತ್ತಕ್ಷರ ಮಾತ್ರ ಜಾಗ ತಪ್ಪುತ್ತಿತ್ತು. ತಿದ್ದಿದಾಗಲೆಲ್ಲ ಪೂರ್ತಿ ಓಡಿಸಿ ಅರ್ಧ ಗಂಟೆ ಕಾಯಬೇಕು. ಮೂರನೆಯ ದಿನ ಹಿಂದಿನ ತಪ್ಪು ನಕಲುಗಳನ್ನೆಲ್ಲ ಅಳಿಸಿ, ಪ್ರೋಗ್ರಾಮಿನಲ್ಲಿ ಒತ್ತಕ್ಷರ ಸರಿಪಡಿಸುವ ಮೂವತ್ತು ಸಾಲುಗಳನ್ನಷ್ಟೇ ಸೆಲೆಕ್ಟ್ ಮಾಡಿ ಓಡಿಸಿದೆ. ಎರಡೇ ನಿಮಿಷ. ತಿದ್ದಿದೆ, ಮತ್ತೆ ಓಡಿಸಿದೆ. ಊಟಕ್ಕೆ ಏಳುವ ಹೊತ್ತಿಗೆ ಹದಿನೈದು ಸಲವಾದರೂ ಆಗಿತ್ತು.

ಊಟ ಮಾಡಿ ಬಂದು ಮೂಲ ಫೈಲ್ ತೆರೆದೆ. ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ನಕಲು ತೆಗೆಯುವ ಭಾಗ ಓಡಿಯೇ ಇರಲಿಲ್ಲ. ನಕಲು ಸಿಗದಿದ್ದರೆ ಮೂಲವನ್ನೇ ತೆರೆಯುವ ಹಾಗೆ ಬರೆದವಳೂ ನಾನೇ. ಓಡಿಸಿದ ಅಷ್ಟೂ ಸಲ ಅಕ್ಷರ ಬದಲಾದದ್ದು ಮೂಲದಲ್ಲೇ.

ಶನಿವಾರ ಮೇಷ್ಟ್ರು ಬಂದಾಗ ಎದ್ದು ನಿಂತು ಹೇಳಿದೆ: "ಸಾರ್, ಹಾಳಾಗೋಯ್ತು. ನನ್ನಿಂದಲೇ."

ಅವರು ಬೈಯಲಿಲ್ಲ. ಒಂದೊಂದೇ ಪುಟ ತೋರಿಸೆಂದರು. ನೀರೆತ್ತುವ ಏತ, ಕಪಿಲೆ, ಕಣದ ನಡುವಿನ ಮೇಟಿ, ಇಂಥ ಒತ್ತಕ್ಷರವಿಲ್ಲದ ಪದಗಳು ಉಳಿದಿದ್ದವು; ಅವುಗಳ ವಿವರಣೆ ಚಿಂದಿಯಾಗಿತ್ತು. ಕೊನೆಯ ಪುಟ ಮುಗಿದ ಮೇಲೆ, ನೆನಪಿರುವುದನ್ನು ಹೇಳುತ್ತೇನೆ, ಟೈಪ್ ಮಾಡು ಎಂದು ಪಕ್ಕದಲ್ಲಿ ಕೂತರು.

ಮೂರು ಶನಿವಾರ ಹಾಗೆ ನಡೆಯಿತು. ರಾಗಿ ತೆನೆ ಬಲಿಯುವ ಒಂದೊಂದು ಹದಕ್ಕೂ ಒಬ್ಬ ಅಜ್ಜಿ ಒಂದೊಂದು ಹೆಸರು ಹೇಳಿದ್ದರಂತೆ, ಏಳು ಹೆಸರು. ಇವರಿಗೆ ಎರಡು ನೆನಪಾದವು. ಆ ಅಜ್ಜಿ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೇಷ್ಟ್ರು ತಾವು ಹೇಳಿದ್ದನ್ನು ತಾವೇ ಅನುಮಾನಿಸುತ್ತಿದ್ದರು, ಅಳಿಸು ಎನ್ನುತ್ತಿದ್ದರು.

ನಾಲ್ಕನೆಯ ಶನಿವಾರ ಅರ್ಧ ಪುಟಕ್ಕೇ ನಿಲ್ಲಿಸಿದರು. "ಸಾಕು ಬಿಡಮ್ಮ. ಈಗ ಬರ್ತಿರೋದು ಅವರ ಮಾತಲ್ಲ, ನಾನು ಕಟ್ಟಿದ್ದು."

ಇನ್ನೊಂದು ವಾರ ನೋಡೋಣ ಸಾರ್ ಎಂದೆ. ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು, ಬರ್ತೀನಿ ಎಂದು ಹೋದರು. ಮತ್ತೆ ಬರಲಿಲ್ಲ. ಅವರ ಬೀದಿಯ ಸ್ಟಾಪಿನಲ್ಲಿ ನನ್ನ ಬಸ್ಸು ಎಷ್ಟೋ ಸಲ ನಿಂತಿದೆ. ಇಳಿಯಲು ಧೈರ್ಯ ಬರಲಿಲ್ಲ.