ಮೂರನೆಯ ಸೀಟಿನ ಗುಂಡುಕಲ್ಲು

ಕೃಷ್ಣರಾಜಪೇಟೆಯ ನಾಗರಾಜಾಚಾರಿ ನಲವತ್ತು ವರ್ಷದಿಂದ ತೊಟ್ಟಿಲು ಮಾಡುತ್ತಿದ್ದಾನೆ. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ಎಲ್ಲರ ಮನೆಯ ಶಾಸ್ತ್ರ. ಆಚಾರಿಯದು ಒಂದು ಕೈ ಹೆಚ್ಚು. ಮಂಚವಿರಲಿ, ಆರಾಮ ಕುರ್ಚಿಯಿರಲಿ, ಕಲ್ಲು ಮಲಗದೆ ಅಂಗಡಿ ದಾಟುವಂತಿಲ್ಲ. "ಒಸ ಮರಕ್ಕೆ ಅಸಿವಿರ್ತದೆ, ಮೊದ್ಲು ಕಲ್ಲು ಕಡೀಲಿ" ಅನ್ನುವನು. ಜನ ನಗುತ್ತಿದ್ದರು, ಆದರೂ ಕಾಯುತ್ತಿದ್ದರು.

ಹೋದ ವರ್ಷ ಸಿಂಧಘಟ್ಟದ ದಿವ್ಯ ಬಂದಳು. ಮೊಟ್ಟಮೊದಲ ಬಾಹ್ಯಾಕಾಶ ನಿಲ್ದಾಣದ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಳು. ಅಲ್ಲಿಂದ ಭೂಮಿಗೆ ಇಳಿಯುವ ನೌಕೆಯನ್ನು ಹಳೆಯ ಅಕ್ಕಿ ಗಿರಣಿಯೊಳಗೆ ಮರದಲ್ಲಿ ಕಟ್ಟಿಕೊಡಬೇಕು, ಒರಗಿ ಮಲಗುವಂಥ ಮೂರು ಸೀಟು ಬೇಕು. ಮೂರನೆಯ ನಟ ಕೈಕೊಟ್ಟಾಗ ಆಚಾರಿಯ ಒಬ್ಬನೇ ಮಗ ಶಶಾಂಕ್ ಹಲ್ಲುಕಿರಿದು ಒಪ್ಪಿಕೊಂಡ.

ಶೂಟಿಂಗ್ ದಿನ ಆಚಾರಿ ತಂದದ್ದು ಎರಡೇ ಕಲ್ಲು, ತನ್ನದೊಂದು, ಪಕ್ಕದ ಮನೆ ಬೆಟ್ಟಮ್ಮನದೊಂದು. ಎರಡು ಸೀಟಿಗೆ ಶಾಸ್ತ್ರವಾಯಿತು. "ಬೆಳಕು ಓಯ್ತದೆ, ಬೇಗ ಆಚಾರ್ರೇ" ಅಂದಳು ದಿವ್ಯ. ಅದರಲ್ಲೇ ಒಂದನ್ನು ಮೂರನೆಯದಕ್ಕೆ ಎತ್ತಿಡಬಹುದಿತ್ತು. ಸಿನಿಮಾ ಸಾಮಾನು ತಾನೆ ಎಂದು ಬಿಟ್ಟುಬಿಟ್ಟ.

ಮೂವರೂ ಮಲಗಿದರು, ಬಾಗಿಲು ಮುಚ್ಚಿತು. ದಿವ್ಯ ಕ್ಯಾಮೆರಾದ ಎದುರು ಹೇಳತೊಡಗಿದಳು. ಐವತ್ತು ವರ್ಷಕ್ಕೂ ಹಿಂದೆ ಆ ನಿಲ್ದಾಣದಲ್ಲಿ ಮೂರು ವಾರ ಇದ್ದ ಮೂವರು ಮರಳಿದರು. ನೌಕೆ ಸರಿಯಾಗಿಯೇ ಇಳಿಯಿತು. ಬಾಗಿಲು ತೆಗೆದರೆ ಮೂವರೂ ಸೀಟಿನಲ್ಲೇ ಸತ್ತಿದ್ದರು, ದಾರಿಯಲ್ಲಿ ಒಳಗಿನ ಗಾಳಿ ಸೋರಿಹೋಗಿತ್ತು.

ಇದನ್ನು ಆಚಾರಿಗೆ ಯಾರೂ ಹೇಳಿರಲಿಲ್ಲ. ಕೇಳಿದ್ದೇ ನುಗ್ಗಿ ಬಾಗಿಲು ಕಿತ್ತ. ಇಬ್ಬರು ನಗುತ್ತ ಎದ್ದರು. ಶಶಾಂಕ್ ಏಳಲಿಲ್ಲ. ಮೂಗಿನ ಬಳಿ ಬೆರಳಿಟ್ಟರೆ ಉಸಿರಿಲ್ಲ, ಮೈ ತಣ್ಣಗೆ ಕೊರೆಯುತ್ತಿತ್ತು. "ಏಳ್ಲಾ ಮಗಾ!" ಎಂದು ಕಿರುಚಿ ಅವನನ್ನು ನೆಲಕ್ಕೆಳೆದು, ಬೆಟ್ಟಮ್ಮನ ಕಲ್ಲನ್ನು ಆ ಸೀಟಿನಲ್ಲಿ ಮಲಗಿಸಿದ. ಬಾವಿಯಲ್ಲಿ ಮುಳುಗಿ ಎದ್ದವನ ಹಾಗೆ ಶಶಾಂಕ್ ಉಸಿರೆಳೆದ.

"ಏಳಾಕೆ ಆಯ್ತಿರ್ನಿಲ್ಲ ಕಣಪ್ಪ" ಅಂದ. "ನನ್ ಜಾಗದಲ್ಲಿ ಮೊದ್ಲೇ ಯಾರೋ ಮಲಗಿದ್ರು."

ಡಾಕ್ಟರಿಗೆ ಏನೂ ಸಿಗಲಿಲ್ಲ. ಬೆಟ್ಟಮ್ಮನಿಗೆ ಆಚಾರಿ ಹೊಸ ಕಲ್ಲು ತಂದುಕೊಟ್ಟ. ಆ ಸೀಟು, ಅದರ ಮೇಲಿನ ಕಲ್ಲು ಈಗ ಅವನ ಅಂಗಡಿಯ ಮೂಲೆಯಲ್ಲಿವೆ. ದಿನಾ ಬೆಳಿಗ್ಗೆ ಮುಟ್ಟಿದರೆ ಕಲ್ಲು ಬೆಚ್ಚಗಿರುತ್ತದೆ. ಸೀಟನ್ನು ಸುಟ್ಟುಹಾಕೆಂದು ಹೆಂಡತಿ ಲಲಿತಮ್ಮ ಅತ್ತಳು, ಜಗಳವಾಡಿದಳು. ಆಚಾರಿ ಶಶಾಂಕನ ತೊಟ್ಟಿಲ ಕಾಲದ ದುಪ್ಪಟಿಯನ್ನು ಹುಡುಕಿ ತಂದು ಕಲ್ಲಿಗೆ ಹೊದಿಸಿದ.

"ಅವ್ನೂ ಒಬ್ಬ ತಾಯಿ ಮಗ ಕಣಮ್ಮಿ. ಮನೆಗೋಗೋ ದಾರೀಲಿ ಸತ್ತವ್ನೆ. ಇಲ್ಲೇ ಮಲಗ್ಲಿ ಬುಡು."