ಜಾಗೊರ್ಕಾಳ ಪೊಟ್ಟಣ ಬಿಚ್ಚುವವರಿಲ್ಲ

ಪಿರೋತ್ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ರೂಢಿಯಿಲ್ಲ. ಕಾಫಿಪುಡಿಯೋ ಚಾಕೊಲೇಟ್ ಡಬ್ಬಿಯೋ ಕೈಯಲ್ಲಿರಲೇಬೇಕು. ಬೂಟಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದ ಜಾಗೊರ್ಕಾಳ ಪಿಂಚಣಿಗೆ ದೊಡ್ಡ ಉಡುಗೊರೆ ಎಟುಕುತ್ತಿರಲಿಲ್ಲ. ಹಾಗಾಗಿ ಅವಳು ತನ್ನ ಕೈಚಳಕವನ್ನೆಲ್ಲ ಉಡುಗೊರೆಯ ಹೊರಹೊದಿಕೆಗೆ ಸುರಿದಳು.

ಗಂಡ ತಿಹೊಮಿರನ ಹಳೆಯ ಅಂಗಿಯ ತೋಳು ಕತ್ತರಿಸಿ ವೈನ್ ಬಾಟಲಿಗೆ ತೊಡಿಸುವಳು. ಬಾಟಲಿಯ ಕತ್ತಿಗೆ ಮುಂಗೈ ಪಟ್ಟಿಯ ಗುಂಡಿ ಸರಿಯಾಗಿ ಕೂರುತ್ತಿತ್ತು. ಸಿಮೆಂಟ್ ಚೀಲದ ಒಳಗಿನ ಕಂದು ಕಾಗದವನ್ನು ಒರೆಸಿ, ಇಸ್ತ್ರಿ ಮಾಡಿ, ಈರುಳ್ಳಿ ಸಿಪ್ಪೆಯಲ್ಲಿ ಬಣ್ಣ ಕಟ್ಟಿದ ಉಣ್ಣೆದಾರ ಬಿಗಿದು, ಮೇಲೊಂದು ಒಣಮೆಣಸಿನಕಾಯಿ ಸಿಕ್ಕಿಸುವಳು. ಮುಸುಕಿನ ಜೋಳದ ಸಿಪ್ಪೆ ನೆನೆಸಿ ಹೆಣೆದರಂತೂ ಸುತ್ತಲೂ ಮುಚ್ಚಿದ ಪುಟ್ಟ ಬುಟ್ಟಿಯೇ ಆಗುತ್ತಿತ್ತು.

ಹೊಗಳಿಕೆಗೆ ಬರವಿರಲಿಲ್ಲ. ಆದರೆ ಬಿಚ್ಚುವವರೇ ಇಲ್ಲ!

ಇದು ಅವಳಿಗೆ ಗೊತ್ತಾದದ್ದು ಅವರ ಮನೆಯ ಕುಲಸಂತನ ಹಬ್ಬದ ದಿನ. ನಾದಿನಿಯ ಸೊಸೆ ತಂದುಕೊಟ್ಟ ಪೊಟ್ಟಣ ಜಾಗೊರ್ಕಾ ತಾನೇ ಹಿಂದಿನ ವರ್ಷ ಬೇರೆ ಯಾರಿಗೋ ಕೊಟ್ಟದ್ದು. ಗಂಟು ಕೂಡ ಅವಳದೇ. ಒಳಗಿನ ಕಾಫಿಪುಡಿ ಘಮ ಸತ್ತು ಮಣ್ಣಾಗಿತ್ತು.

ತಿಹೊಮಿರ್ ಹೊಟ್ಟೆ ಹಿಡಿದು ನಕ್ಕ. "ಊರೆಲ್ಲ ಸುತ್ತಿ ದಣಿದು ಬಂದಿದೆ ಪಾಪ. ಕೂರಿಸಿ ಒಂದು ಲೋಟ ನೀರು ಕೊಡೇ!"

"ನಿಮಗೆ ತಮಾಷೆ. ಕೈ ನೋಯಿಸ್ಕೊಂಡು ಕಟ್ಟಿದೋಳು ನಾನು."

ಮುಂದಿನ ಸಲ ಅವಳು ಪಕ್ಕದ ಮನೆಗೆ ಕಾಫಿಪುಡಿಯನ್ನು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಒಯ್ದಳು. ಅದಕ್ಕೂ ಮಾತು ಬಂತು. "ಜಾಗೊರ್ಕಾಗೆ ನಮ್ಮ ಮೇಲೆ ಏನೋ ಸಿಟ್ಟು, ನೋಡು ಹೇಗೆ ತಂದು ಬಿಸಾಕಿದ್ಲು" ಎಂದು ಪಕ್ಕದ ಮನೆಯಾಕೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ಜಾಗೊರ್ಕಾ ಹಲ್ಲು ಕಚ್ಚಿಕೊಂಡು ಮತ್ತೆ ಜೋಳದ ಸಿಪ್ಪೆ ನೆನೆಹಾಕಿದಳು.

ಅವಳ ಮದುವೆಗೆ ಸಾಕ್ಷಿ ನಿಂತವಳು ಮಿಲುಂಕಾ. ಅಂಥವಳನ್ನು ನಾವು ಕೂಮಾ ಎನ್ನುತ್ತೇವೆ, ಅವಳೂ ನಮ್ಮನ್ನು ಹಾಗೇ ಕರೆಯುತ್ತಾಳೆ. ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು. ಬೇಸಿಗೆಯಲ್ಲಿ ಅವಳಿಗೆ ದುನ್ಯಾ ಎಂಬ ಮೊಮ್ಮಗಳು ಹುಟ್ಟಿದಾಗ ಜಾಗೊರ್ಕಾ ಉಣ್ಣೆಯ ಕಾಲುಚೀಲ ಹೆಣೆದು, ಸಿಪ್ಪೆಯ ಬುಟ್ಟಿಯಲ್ಲಿಟ್ಟು ಕೊಟ್ಟಿದ್ದಳು. ಹಿಮ ಬಿದ್ದ ಮೇಲೆ ನೋಡಲು ಹೋದರೆ ಮಗು ಬರಿಗಾಲಲ್ಲಿ ನೆಲದ ಮೇಲಿದೆ.

"ಕಾಲುಚೀಲ ಎಲ್ಲೇ ಕೂಮಾ?"

"ಯಾವ ಕಾಲುಚೀಲ?"

ಜಾಗೊರ್ಕಾ ಗಾಜಿನ ಬೀರುವಿನತ್ತ ಕೈ ತೋರಿಸಿದಳು. ಬುಟ್ಟಿ ಕೊಟ್ಟ ಹಾಗೇ ಕೂತಿತ್ತು.

"ಅಯ್ಯೋ, ಅದರೊಳಗೆ ಏನೋ ಇತ್ತಾ! ಅಷ್ಟು ಚೆಂದ ಕಟ್ಟಿದ್ದೀಯ, ಬಿಚ್ಚೋಕೆ ಮನಸ್ಸು ಬರಬೇಕಲ್ಲ ಮಾರಾಯ್ತಿ."

"ಮಗು ಕಾಲು ಮಂಜುಗಡ್ಡೆ ಆಗಿದೆ. ನಿಂಗೆ ಬುಟ್ಟಿ ಹೆಚ್ಚಾಯ್ತಾ?"

ಜಾಗೊರ್ಕಾ ತಾನೇ ಬೀರು ತೆಗೆದು, ಕತ್ತರಿ ಕೇಳದೆ, ಉಗುರಿನಿಂದಲೇ ಬುಟ್ಟಿಯನ್ನು ಹರಿದಳು. ಮಿಲುಂಕಾ ನೆಲಕ್ಕೆ ಬಿದ್ದ ಸಿಪ್ಪೆಯ ಚೂರುಗಳನ್ನು ಆಯತೊಡಗಿದಳು. ಕಾಲುಚೀಲ ದುನ್ಯಾಳ ಬೆರಳು ದಾಟಿ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು. ಎಳೆದಷ್ಟೂ ಮಗು ಅತ್ತಿತು.

ಜಾಗೊರ್ಕಾ ಆ ಉಣ್ಣೆಯನ್ನು ಮನೆಗೆ ತಂದು ಬಿಚ್ಚಿ, ಇನ್ನಷ್ಟು ನೂಲು ಸೇರಿಸಿ, ದೊಡ್ಡದಾಗಿ ಹೆಣೆದಳು. ಈ ಸಲ ಪೊಟ್ಟಣವಿಲ್ಲ, ದಾರವಿಲ್ಲ. ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋಗಿ ತಾನೇ ಮಗುವಿನ ಕಾಲಿಗೆ ತೊಡಿಸಿದಳು. ದುನ್ಯಾ ಕಾಲು ಝಾಡಿಸಿ ನಕ್ಕಿತು. ಮಿಲುಂಕಾಳ ಮುಖ ಮಾತ್ರ ಬಿಗಿದೇ ಇತ್ತು.

ಮರುವಾರ ಅವಳ ಫೋನು ಬಂತು.

"ಕೂಮಾ, ಸಿಟ್ಟಿಲ್ಲ ತಾನೆ? ಬೀರು ಬಿಕೋ ಅಂತಿದೆ. ಅಂಥದ್ದೇ ಇನ್ನೊಂದು ಬುಟ್ಟಿ ಮಾಡಿಕೊಡ್ತೀಯಾ? ಒಳಗೆ ಏನೂ ಇಡಬೇಡ, ಖಾಲಿ ಇದ್ರೂ ನಡೆಯುತ್ತೆ."

ಜಾಗೊರ್ಕಾ ಫೋನು ಇಟ್ಟಳು. ಏನಂತೆ ಎಂದು ತಿಹೊಮಿರ್ ಕೇಳಿದ. ಅವಳು ಒಲೆಗೆ ಸೌದೆ ತುರುಕಿ, ಅದರ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದಳು.